ಕಾಳಕ್ಕನ ವೀಳ್ಯ ಬರಲಿಲ್ಲ

ಹೊಸದುರ್ಗದ ಸಂತೆಗೆ ಹೋದರೂ ಹೊತ್ತು ಇಳಿಯುವ ಮೊದಲೇ ಹಟ್ಟಿಗೆ ಓಡಿಬರುವ ಜುಂಜಮ್ಮ, ಸುಗ್ಗಿ ಮುಗಿಯಿತೆಂದರೆ ಮನೆಯನ್ನೇ ಮರೆಯುತ್ತಿದ್ದಳು. ಗಂಡ ಚಿತ್ರಲಿಂಗಪ್ಪನ ಜೊತೆ ಕುರಿ ಹೊಡೆದುಕೊಂಡು ರಾಮಗಿರಿ ದಾಟಿ ಪಡುವಣ ನೀರಾವರಿ ಸೀಮೆಗೆ ಹೋಗುವುದು, ಮದುವೆಯಾಗಿ ಬಂದ ವರ್ಷದಿಂದಲೂ ನಡೆದುಬಂದ ಪದ್ಧತಿ. ಅಲ್ಲಿ ಕೊಯ್ಲಾದ ಗದ್ದೆಗಳಲ್ಲಿ ರಾತ್ರಿ ಮಂದೆ ನಿಲ್ಲಿಸುತ್ತಾರೆ. ಗೊಬ್ಬರ ಗದ್ದೆಗೆ, ಭತ್ತ ಕುರಿಯವರಿಗೆ. ಆದರೆ ಕರೆಯದೆ ಯಾರ ಗದ್ದೆಗೂ ಇಳಿಯುವಂತಿಲ್ಲ. ಗದ್ದೆಯವರು ಹಟ್ಟಿಗೆ ಬಂದು ಎಲೆ ಅಡಿಕೆಯ ವೀಳ್ಯ ಕೊಟ್ಟು ಕರೆಯಬೇಕು.

ಮೊದಲ ವೀಳ್ಯ ಯಾವಾಗಲೂ ಆ ಸೀಮೆಯ ಗದ್ದೆಯೊಡತಿ ಕಾಳಕ್ಕನದು. ಗಂಡನನ್ನು ಕಳುಹಿಸಿದ್ದರೂ ಸಾಕಿತ್ತು, ಆದರೆ ಆ ಮಹಾತಾಯಿ ತಾನೇ ಬಸ್ಸು ಬದಲಿಸುತ್ತ ಬಂದು ಇಳಿಯುತ್ತಿದ್ದಳು. ಅವಳಿಗೂ ಜುಂಜಮ್ಮನಿಗೂ ಒಡಹುಟ್ಟಿದ ಹೆಣ್ಣುಮಕ್ಕಳಿಲ್ಲ. ಬದುವಿನ ಮೇಲೆ ಕುಂತರೆ ಗಂಡಂದಿರ ಮಾನ ಹರಾಜಿಗಿಟ್ಟು ಹೊಟ್ಟೆ ಹುಣ್ಣಾಗುವಂತೆ ನಗುವರು.

ಆಮೇಲೆ ಆ ಸೀಮೆಗೆ ಏರ್‌ಪೋರ್ಟ್ ಬಂತು. ಕಾಳಕ್ಕನ ಗದ್ದೆ ಅದರ ಗೋಡೆಯೊಳಗೆ ಸೇರಿತು. ಮೂರು ಸುಗ್ಗಿ ಕಳೆದರೂ ವೀಳ್ಯ ಬರಲಿಲ್ಲ, ಕಾಳಕ್ಕನೂ ಬರಲಿಲ್ಲ. ದುಡ್ಡು ಬಂದ ಮೇಲೆ ಕುರಿಯವರು ಯಾರ ಕಣ್ಣಿಗೆ ಬೀಳುತ್ತಾರೆ ಎಂದು ಜುಂಜಮ್ಮ ಮುಖ ಊದಿಸಿಕೊಂಡಳು. ಮಂದೆ ಪ್ರತಿವರ್ಷವೂ ಆ ಗೋಡೆಯ ಪಕ್ಕದಲ್ಲೇ ಹಾದು ಬೇರೆಯವರ ಗದ್ದೆಗೆ ಹೋಗುತ್ತಿತ್ತು. ಕಾಳಕ್ಕ ಎಲ್ಲಿದ್ದಾಳೆಂದು ಕೇಳಿದ್ದರೆ ಯಾರಾದರೂ ಹೇಳುತ್ತಿದ್ದರು. ಈಕೆ ಕೇಳಲಿಲ್ಲ, ಕರೆಯದ ಕಡೆ ಕಾಲಿಡುವ ಜಾಯಮಾನವಲ್ಲವಲ್ಲ! ಹಾಗಂತ ಮರೆತಳೇ? ಸಂಜೆ ಬದುವಿನ ಮೇಲೆ ಒಬ್ಬಳೇ ಕುಂತಾಗಲೆಲ್ಲ ಕಣ್ಣು ಆ ಗೋಡೆಯ ಕಡೆಗೇ ಹೋಗುತ್ತಿತ್ತು.

ಈ ಸಲ ಮಂದೆ ಹೊರಡುವ ಮುಂಚೆ ಹೊಳಲ್ಕೆರೆಯ ಹುಡುಗಿ ರೋಜಾ ಹಟ್ಟಿಗೆ ಬಂದಳು. ಏರ್‌ಪೋರ್ಟಿನಿಂದ ಸುತ್ತಲ ಸೀಮೆಯವರ, ಅಲ್ಲಿಗೆ ಮಂದೆ ತರುವವರ ಸಂಪಾದನೆ ಏರಿತೋ ಇಳಿಯಿತೋ ಎಂದು ಅಳೆಯುವ ಸರ್ವೆ ಅವಳ ಕೆಲಸ.

"ಅಜ್ಜಿ, ಏರ್‌ಪೋರ್ಟ್ ಆದ್ಮೇಲೆ ನಿಮ್ಮ ಸಂಪಾದ್ನೆ ಜಾಸ್ತಿ ಆಗೈತಾ, ಕಡಿಮೆ ಆಗೈತಾ?"

"ಅಷ್ಟೇ ಐತವ್ವ. ಒಂದ್ ಗದ್ದೆ ಹೋದ್ರೆ ಇನ್ನೊಬ್ರು ಕರೀತಾರೆ."

'ಬದಲಾವಣೆ ಇಲ್ಲ' ಎಂದು ಓದಿಕೊಳ್ಳುತ್ತ ರೋಜಾ ಟ್ಯಾಬಿನ ಮೇಲೆ ಬೆರಳೊತ್ತಿದಳು. ಅದೇನೂ ಸುಳ್ಳಲ್ಲ. ಆದರೂ ಜುಂಜಮ್ಮನಿಗೆ ತಡೆಯಲಾಗಲಿಲ್ಲ.

"ಇಲ್ಲ ಅಂತ ಬರ್ಕಂಡ್ಯಾ? ಗೋಡೆ ಪಕ್ಕದ ಊರಿನ ಕಾಳಕ್ಕ ನಂಗಿಲ್ದಂಗಾದ್ಲಲ್ಲವ್ವ. ಅದು ಯಾವ ಲೆಕ್ಕಕ್ಕೆ ಬರ್ತೈತೆ?"

ರೋಜಾ ತಲೆಯೆತ್ತಿದಳು. "ಗದ್ದದ ಮ್ಯಾಲೆ ಹಚ್ಚೆ ಹಾಕ್ಸಿರೋರಾ? ಹೋದ್ ವಾರ ಅವ್ರ ಮನೆಗೂ ಹೋಗಿದ್ದೆ. ಊರ ಮುಂದಿನ ಹೊಸ ಬಡಾವಣೇಲಿ ಅವ್ರೆ."

"ಏನಂದ್ಲು?"

"ಮಗ ಟ್ಯಾಕ್ಸಿ ಇಟ್ಟವ್ನೆ, ಸಂಪಾದ್ನೆ ಜಾಸ್ತಿ ಆಗೈತೆ ಅಂದ್ರು. ಆಮ್ಯಾಲೆ ಅತ್ತುಬಿಟ್ರು. ಕುರಿಯೋರ್ನ ಕರಿಯಾಕೆ ಗೇಣು ಗದ್ದೆ ಇಲ್ಲ, ಯಾವ ಮುಖ ಇಟ್ಕಂಡು ವೀಳ್ಯ ಹಿಡ್ಕಂಡ್ ಹೋಗ್ಲಿ ಅಂದ್ರು."

ಕಾಳಕ್ಕ ಕರೆಯಲಿ ಎಂದು ಜುಂಜಮ್ಮ ಇಲ್ಲಿ ಕಾದಿದ್ದಳು, ಕರೆಯಲು ಏನೂ ಉಳಿದಿಲ್ಲವೆಂದು ಅವಳು ಅಲ್ಲೇ ನವೆದಿದ್ದಳು. ತನ್ನ ಬಿಗುಮಾನಕ್ಕೆ ಬೆಂಕಿ ಬೀಳಲಿ ಎನ್ನಿಸಿತು.

ಬೆಳಿಗ್ಗೆ ಎದ್ದು ಸೆರಗು ಬಿಗಿದು ಹೊರಟಳು. "ಲೇ, ಕರೀದೇನೆ ಹೋಗ್ತೀಯಾ?" ಎಂದ ಚಿತ್ರಲಿಂಗಪ್ಪ. "ಹೂಂ, ಹೋಗ್ತೀನಿ," ಎಂದಳು. ಜನ್ಮವೆಲ್ಲ ನಡೆದ ದಾರಿಯಲ್ಲಿ ಬಸ್ಸು ಹತ್ತಿದ್ದು ಅದೇ ಮೊದಲು. ಕಿಟಕಿಯಿಂದ ಯಾವ ಊರೂ ಗುರುತು ಸಿಗಲಿಲ್ಲ. ಕಂಡಕ್ಟರನ್ನು ಕೇಳಿ ಕೇಳಿ ಸಾಕುಮಾಡಿದಳು.

ಬಾಗಿಲು ತೆಗೆದ ಕಾಳಕ್ಕ ಅವಳ ಮುಖ ನೋಡಿದಳು. ನೋಡಿ, ಅವಳ ಬೆನ್ನ ಹಿಂದಿನ ಡಾಂಬರು ರಸ್ತೆಯ ಉದ್ದಕ್ಕೂ ಕಣ್ಣಾಡಿಸಿದಳು.

"ಕುರಿ ಎಲ್ಲವೆ ಜುಂಜಿ?"

"ಕುರಿ ಹೊಡ್ಕಂಡ್ ಬಂದಿಲ್ಲ ಕಣಕ್ಕ. ನಾನೊಬ್ಳೇ ಬಂದೆ."

ಕಾಳಕ್ಕ ಅವಳನ್ನು ಒಳಗೆ ಎಳೆದುಕೊಂಡಳು. ಕಂಬಳಿಯ, ಕುರಿಹಿಕ್ಕೆಯ ವಾಸನೆ ಹೊಡೆಯುತ್ತಿದ್ದ ಜುಂಜಮ್ಮನ ಸೆರಗಿನಲ್ಲಿ ಮುಖ ಹುದುಗಿಸಿ, ಗೆಳತಿ ಎಷ್ಟು ಹೇಳಿದರೂ ಎತ್ತಲಿಲ್ಲ.