ತನ್ನಿ ಎಂದರೆ ನೀರು

ಮೊನ್ನೆ ಮಣಿಪಾಲದ ಹೋಟೆಲೊಂದರಲ್ಲಿ ಪಕ್ಕದ ಮೇಜಿನವರು ಮಾಣಿಯನ್ನು ಕರೆದು, "ಸ್ವಲ್ಪ ನೀರು ತನ್ನಿ" ಎಂದರು. ನನಗೆ ನಗು ತಡೆಯಲಿಲ್ಲ. ಚಹಾ ಮೂಗಿಗೆ ಹತ್ತಿತು. ಎದುರಿಗಿದ್ದ ಅಣ್ಣನ ಮೊಮ್ಮಗಳು, ಏಳನೇ ತರಗತಿಯವಳು, ಈ ಮುದುಕಿಗೆ ಏನಾಯಿತೋ ಎಂಬಂತೆ ನೋಡಿದಳು. ನೀವು ಹಾಗೆ ನೋಡಬೇಡಿ. ನಾವು ಬ್ಯಾರಿಗಳು, ಈ ಕರಾವಳಿಯ ಮುಸ್ಲಿಮರು. ನಮ್ಮ ಭಾಷೆಯಲ್ಲಿ ನೀರಿಗೆ 'ತನ್ನಿ' ಎನ್ನುತ್ತೇವೆ. ಪಕ್ಕದ ಮೇಜಿನವರು "ನೀರು ನೀರು" ಎಂದ ಹಾಗೆ ನನಗೆ ಕೇಳಿಸಿತು. ನಗುವಿಗೆ ಅಷ್ಟೇ ಕಾರಣವಲ್ಲ.

ಎಪ್ಪತ್ತರ ದಶಕದ ಕೊನೆಗೆ ನಾನೂ ಕಾಪುವಿನ ಶಾಲೆಯೊಂದರಲ್ಲಿ ಏಳನೇ ತರಗತಿಯಲ್ಲಿದ್ದೆ. ಸಮಾಜ ಪಾಠದ ಪುಸ್ತಕದಲ್ಲಿ ನಮ್ಮ ನಾಡಿನ ಜನರ ಬಗ್ಗೆ ಒಂದು ಪುಟ. ಅದರಲ್ಲಿ ಉದ್ದ ಕೋಟಿನ, ಎದೆಗೆ ಗುಲಾಬಿ ಸಿಕ್ಕಿಸಿಕೊಂಡ ಒಬ್ಬ ಗಂಡಸು. ಕೆಳಗೆ, 'ಮುಸ್ಲಿಮರ ಮಾತೃಭಾಷೆ ಉರ್ದು'. ನನ್ನ ಅಪ್ಪನೋ, ಬಿಳಿ ಮುಂಡಿನ ಮೇಲೆ ಅಗಲ ಹಸಿರು ಬೆಲ್ಟು ಬಿಗಿದು ಸೈಕಲಿನಲ್ಲಿ ಒಣಮೀನು ಮಾರುತ್ತಿದ್ದವರು. ಅವರ ಎದೆಯ ಮೇಲೆ ಯಾವ ಗುಲಾಬಿಯೂ ಬಾಳುತ್ತಿರಲಿಲ್ಲ.

ನನ್ನ ಉಮ್ಮನಿಗೆ, ಅಂದರೆ ಅಮ್ಮನಿಗೆ, ಓದು ಬಾರದು. ಸಂಜೆ ಒಲೆಯ ಬಳಿ ನನ್ನಿಂದ ಪಾಠ ಹೇಳಿಸಿ ಕೇಳುವುದು ಅವಳ ಅಭ್ಯಾಸ. ಆ ಸಾಲನ್ನು ನಮ್ಮ ಭಾಷೆಯಲ್ಲಿ ಬಿಡಿಸಿ ಹೇಳಿದಾಗ ಒಲೆಗೆ ಸೌದೆ ದೂಡುತ್ತಿದ್ದ ಕೈ ನಿಂತಿತು. "ಹಾಗಾದರೆ ನಾನು ಮಾತಾಡುವುದು ಯಾರ ಭಾಷೆಯಂತೆ?" ಎಂದಳು. ಪುಸ್ತಕದಲ್ಲಿ ಉತ್ತರವಿರಲಿಲ್ಲ. ನನಗೆ ಸಿಟ್ಟು ಬಂತು. ಈಗಲೂ ಬರುತ್ತದೆ.

ಸಿಟ್ಟು ಆಗ ನನ್ನಂಥವಳಿಗೆ ದುಬಾರಿ. ಏಳನೆಯದರಲ್ಲಿ ಮೊದಲು ಬಂದವರಿಗೆ ಊರಿನ ವರ್ತಕರೊಬ್ಬರು ಹೈಸ್ಕೂಲಿನ ಪುಸ್ತಕಗಳನ್ನು ಕೊಡಿಸುತ್ತಿದ್ದರು. "ಪುಸ್ತಕ ಸಿಕ್ಕಿದರೆ ಹೋಗು, ಇಲ್ಲದಿದ್ದರೆ ಮನೆಯಲ್ಲಿರು" ಎಂದು ಅಪ್ಪ ಮೊದಲೇ ಹೇಳಿದ್ದರು. ಮೊದಲ ಸ್ಥಾನಕ್ಕೆ ನಾನು ಮತ್ತು ಗೆಳತಿ ಸಿಲ್ವಿಯಾ ಕೂದಲೆಳೆಯ ಅಂತರದಲ್ಲಿ ಗುದ್ದಾಡುತ್ತಿದ್ದೆವು.

ಅರ್ಧವಾರ್ಷಿಕ ಪರೀಕ್ಷೆಯಲ್ಲಿ ಆ ಸಾಲೇ ಬಿಟ್ಟ ಸ್ಥಳವಾಗಿ ಬಂತು. 'ಬ್ಯಾರಿ' ಎಂದು ಬರೆದೆ. ತಪ್ಪು. ಕೊಂಕಣಿ ಮನೆಮಾತಿನ ಸಿಲ್ವಿಯಾ, ಕ್ರೈಸ್ತರ ಹಬ್ಬ ಯಾವುದೆಂದರೆ, ತನ್ನ ಮನೆಯವರು ಇಗರ್ಜಿಯಿಂದ ಹೊಸ ತೆನೆ ತರುವ 'ತೆನೆಹಬ್ಬ' ಎಂದು ಬರೆದಿದ್ದಳು. ಅದೂ ತಪ್ಪು, ಕ್ರಿಸ್ಮಸ್ ಒಂದೇ ಸರಿ. ನಾನು ಸುಮತಿ ಟೀಚರ ಬಳಿ ಹೋದೆ.

"ನೀನು ಹೇಳುವುದು ಸರಿ ಮಾರಾಯ್ತಿ. ಆದರೆ ಪುಸ್ತಕದಲ್ಲಿ ಹಾಗೆ ಉಂಟಲ್ಲ, ನಾನು ಎಂತ ಮಾಡುವುದು?"

"ಪುಸ್ತಕದಲ್ಲಿ ತುಳುವೂ ಇಲ್ಲ ಟೀಚರ್. ನೀವು ಮನೆಯಲ್ಲಿ ಎಂತ ಮಾತಾಡುವುದು?"

ತುಳುವರಾದ ಟೀಚರು ಮೊದಲೇ ಒರೆಸಿದ್ದ ಬೋರ್ಡನ್ನು ಮತ್ತೊಮ್ಮೆ ಒರೆಸತೊಡಗಿದರು.

ಆಮೇಲೆ ಘಟ್ಟದ ಮೇಲಿನಿಂದ ಶಾಲಾ ಇನ್ಸ್‌ಪೆಕ್ಟರು ಬಂದರು. ಅದೇ ಪುಟ ತೆರೆದು ನನ್ನನ್ನು ಎಬ್ಬಿಸಿದರು. "ನಿನ್ನ ಮಾತೃಭಾಷೆಯಲ್ಲಿ ನೀರಿಗೆ ಏನಂತಾರಮ್ಮ?"

"ತನ್ನಿ ಸರ್."

"ಏನನ್ನ ತರಬೇಕು?"

"ಎಂತದೂ ತರುವುದು ಬೇಡ ಸರ್. ತನ್ನಿ ಅಂದರೇ ನೀರು."

ಅವರ ಜೊತೆ ಬಂದಿದ್ದ ಜವಾನ ಅಷ್ಟರಲ್ಲಿ ಒಂದು ಲೋಟ ನೀರು ತಂದೇಬಿಟ್ಟಿದ್ದ. ತರಗತಿ ಬಿದ್ದು ಬಿದ್ದು ನಕ್ಕಿತು. ಇನ್ಸ್‌ಪೆಕ್ಟರು ನಗಲಿಲ್ಲ. "ಇದೆಂಥ ಭಾಷೆ? ಇದಕ್ಕೊಂದು ಲಿಪಿ ಇದೆಯಾ?"

"ನನ್ನ ಉಮ್ಮ ಬೈಯುವುದು ಇದರಲ್ಲೇ ಸರ್. ಲಿಪಿ ಇಲ್ಲದಿದ್ದರೂ ಚೆನ್ನಾಗಿ ತಾಗುತ್ತದೆ."

ಅಧಿಕಪ್ರಸಂಗಿ ಎಂಬ ಪದವಿ ಅಂದೇ ಸಿಕ್ಕಿತು. ಈವರೆಗೆ ಯಾರೂ ಹಿಂದಕ್ಕೆ ಪಡೆದಿಲ್ಲ.

ವಾರ್ಷಿಕ ಪರೀಕ್ಷೆಯಲ್ಲಿ ಮತ್ತೆ ಅದೇ ಬಿಟ್ಟ ಸ್ಥಳ. 'ಉರ್ದು' ಎಂದು ಬರೆದಿದ್ದರೆ ಹೈಸ್ಕೂಲು. ಎರಡೇ ಅಕ್ಷರ, ಬರೆಯಲು ಕಷ್ಟವೇನಿಲ್ಲ. ಉರ್ದುವಿನ ಮೇಲೆ ನನಗೆ ಹಗೆಯೂ ಇಲ್ಲ. ಕೇಳಲು ಬಲು ಚಂದದ ಭಾಷೆ. ಆದರೆ ಒಂದು ಮಾರ್ಕಿಗಾಗಿ ನನ್ನ ಉಮ್ಮನ ಬಾಯಿಂದ ಮಾತು ಕಿತ್ತುಕೊಳ್ಳಲು ನಾನು ತಯಾರಿರಲಿಲ್ಲ. 'ಬ್ಯಾರಿ' ಎಂದೇ ಬರೆದು, ಕೆಳಗೆ ಗೆರೆಯನ್ನೂ ಎಳೆದೆ. ಅರ್ಧ ಮಾರ್ಕಿಗೆ ಎರಡನೆಯವಳಾದೆ.

ಸಿಲ್ವಿಯಾ ವ್ಯವಹಾರಸ್ಥೆ, ಈ ಸಲ ಕ್ರಿಸ್ಮಸ್ ಎಂದು ಬರೆದು ಗೆದ್ದಿದ್ದಳು. ಪುಸ್ತಕದ ಕಟ್ಟು ಹೊತ್ತು ನೇರ ನಮ್ಮ ಅಂಗಳಕ್ಕೆ ಬಂದಳು. "ಇಬ್ಬರೂ ಸೇರಿ ಓದುವ. ನಿನ್ನ ಹಾಗೆ ಬರೆದಿದ್ದರೆ ನನಗೂ ಸಿಗುತ್ತಿರಲಿಲ್ಲ, ಅಲ್ವಾ?" ಎಂದಳು. ಅಪ್ಪನಿಗೆ ಮಾತು ತಪ್ಪಲು ಜಾಗವಿರಲಿಲ್ಲ. ಪುಸ್ತಕ ಸಿಕ್ಕಿತ್ತು. ಮೂರು ವರ್ಷ ಒಂದೇ ಪುಸ್ತಕವನ್ನು ಇಬ್ಬರೂ ಓದಿದೆವು. ಮುಂದೆ ನಾನು ಕಾರ್ಕಳದಲ್ಲಿ ಅದೇ ಸಮಾಜ ಪಾಠವನ್ನು ಕಲಿಸಿದೆ. ಪುಸ್ತಕದ ಮಾತಿಗೆ ಎಷ್ಟು ಸಲ ಎದುರಾಡಿದೆನೋ ಲೆಕ್ಕವಿಲ್ಲ.

ಮೊಮ್ಮಗಳು ಕಥೆ ಕೇಳಿ, "ಈಗ ನಮ್ಮ ಪುಸ್ತಕದಲ್ಲಿ ಉಂಟು" ಎಂದು ಹೆಮ್ಮೆಯಿಂದ ಒಪ್ಪಿಸಿದಳು: "ಕರಾವಳಿಯಲ್ಲಿ ತುಳು, ಕೊಂಕಣಿ, ಬ್ಯಾರಿ ಮುಂತಾದ ಭಾಷೆಗಳನ್ನಾಡುವ ಜನರಿದ್ದಾರೆ."

ಸುಳ್ಳು ಹೇಳುವುದಿಲ್ಲ, ಕಣ್ಣು ತುಂಬಿತು. ಉಮ್ಮ ಇರಬೇಕಿತ್ತು ಎನಿಸಿತು. ಆದರೆ ಮೇಷ್ಟ್ರಗಿರಿ ಸುಮ್ಮನಿರಬೇಕಲ್ಲ.

"ಮುಂತಾದ ಅಂದರೆ ಯಾರು?"

ಅವಳು ಕಣ್ಣು ಪಿಳುಕಿಸಿದಳು. "ಅದು ಟೀಚರ್ ಹೇಳಲಿಲ್ಲ."

"ಕೊರಗರ ಮನೆಗಳಲ್ಲೂ ಒಂದು ಭಾಷೆ ಉಂಟು. ಇಷ್ಟು ವರ್ಷ ನಾವೂ ಆ 'ಮುಂತಾದ'ದ ಒಳಗೇ ಇದ್ದದ್ದು. ನಾಳೆ ಎದ್ದು ನಿಂತು ಕೇಳು."

"ಟೀಚರ್ ಮಾರ್ಕು ತೆಗೆದರೆ?"

"ತೆಗೆಯಲಿ. ಕೇಳು."