ಟವೆಲ್ಲಿಗೆ ಬಗ್ಗದ ವಿಮಾನ

ಹುಣಸೂರಿನ ಕುರಿ ದಲ್ಲಾಳಿ ಸಲೀಂ ಸಾಬರ ಹೆಗಲ ಮೇಲಿನ ಟವೆಲ್ಲು ಬೆವರು ಒರೆಸುವುದಕ್ಕಲ್ಲ. ಅದರ ಮರೆಯಲ್ಲಿ ಎದುರಿನವರ ಬೆರಳು ಹಿಡಿದು ಅಮುಕಿದರೆ ರೇಟು ಕುದುರುತ್ತಿತ್ತು. ಮೂರು ಬೆರಳಾದರೆ ಮೂರು ಸಾವಿರ, ಅರ್ಧ ಬೆರಳಿಗೆ ಐನೂರು. ಪಕ್ಕದವರಿಗೆ ಸುಳಿವೇ ಇಲ್ಲ. ಒಮ್ಮೆ ಅವರ ಚೌಕಾಸಿ ನೋಡಿ ಮಿರ್ಲೆಯ ಟಗರೊಂದು ನಿಂತಲ್ಲೇ ಎರಡು ಕೆ.ಜಿ. ಇಳಿದುಹೋಗಿತ್ತಂತೆ. ಸುಳ್ಳು ಅನ್ನುವವರು ಆ ಟಗರನ್ನೇ ಕೇಳಬೇಕು. ಅದು ಬಿರಿಯಾನಿಯಾಗಿ ಬಹಳ ಕಾಲವಾಯಿತು.

ಇಂಥವರಿಗೆ ಹೈದರಾಬಾದಿನಲ್ಲಿ ಮೊಮ್ಮಗಳು ಹುಟ್ಟಿದಳು. ಹೆಸರಿಡುವ ದಿನ ಅಬ್ಬಾ ಇಲ್ಲದಿದ್ದರೆ ಮಾತೇ ಬಿಡುತ್ತೇನೆಂದು ಮಗಳು ಉಮ್ಮೆ ಹಾನಿ ಫೋನಿನಲ್ಲೇ ಹೆದರಿಸಿದಳು. ಸಾಬರು ಹೆಂಡತಿ ಗುಲ್ಜಾರ್ ಬೀ ಜೊತೆ ಬಸ್ ಸ್ಟ್ಯಾಂಡಿನ ಪಕ್ಕ ನಿಶತ್ ನಡೆಸುವ ಟಿಕೆಟ್ ಅಂಗಡಿಗೆ ವಿಮಾನದ ರೇಟು ಕೇಳಲು ಹೋದರು.

"ಒಬ್ಬರಿಗೆ ಮೂರೂವರೆ ಸಾವ್ರ, ಚಾಚಾ."

ಸಾಬರು ಕಂಪ್ಯೂಟರಿನ ಮೌಸಿಗೆ ಟವೆಲ್ಲು ಹೊದಿಸಿ, ಒಳಗೆ ಕೈಯಿಟ್ಟು ಎರಡು ಸಲ ಅಮುಕಿದರು. "ಎರಡಕ್ಕೆ ಬತ್ತದಾ ನೋಡು ಬೇಟಿ."

"ಅದು ಬರಲ್ಲ ಚಾಚಾ. ನಾಳೆ ಇನ್ನೂ ಏರ್ತದೆ."

"ಅದೇ ವಿಮಾನ, ಅದೇ ಸೀಟು, ಏರೋದ್ಯಾಕೆ?"

"ಕಮ್ಮಿ ರೇಟಿನ ಸೀಟು ಒಂದಷ್ಟೇ ಇಟ್ಟಿರ್ತಾರೆ. ಅವು ಹೋದ್ಮೇಲೆ ಮುಂದಿನ ರೇಟು. ಕೊನೇಲಿ ಬರೋರು ಅವಸರದೋರು, ಎಷ್ಟಾದ್ರೂ ಕೊಡ್ತಾರೆ ಅಂತ ಅವ್ರಿಗೆ ಗೊತ್ತು."

ಸಾಬರು ನಕ್ಕರು. "ನಮ್ ಸಂತೇಲಿ ಹೊತ್ತು ಮುಳುಗೋ ಗಂಟ ಮಾರದಿರೋ ಕುರಿನ ತಂದೋನು ಗಾಡಿ ಬಾಡಿಗೆ ಕೊಟ್ಟು ವಾಪಸ್ ಒಯ್ತಾನಾ? ಬಂದಷ್ಟಕ್ಕೆ ಕೊಡ್ತಾನೆ. ಖಾಲಿ ಸೀಟು ಹೊತ್ಕೊಂಡು ಹಾರಿದ್ರೆ ಇವ್ರಿಗೇನ್ ಸಿಗ್ತದೆ? ಕೂಗ್ಕೊಂಡು ಬತ್ತಾರೆ ಬುಡು!"

ವಿಮಾನದವರು ಹಿಂದಿನಿಂದ ಕರೆಯಲೆಂದು ನಿಧಾನವಾಗಿ ಹೊರನಡೆದರು. ಗುಲ್ಜಾರ್ ಬೀ ಮಾತ್ರ, "ನೀವ್ ನಡೀರಿ ಜೀ, ಚಪ್ಪಲಿ ಸರಿ ಮಾಡ್ಕೊಂಡು ಬತ್ತೀನಿ" ಎಂದು ಒಳಗೇ ಉಳಿದರು.

ಯಾರೂ ಕರೆಯಲಿಲ್ಲ. ಸಾಬರು ದಿನಾ ಅಂಗಡಿ ಮುಂದೆ ಹಾದು, "ನಂಗೇನ್ ಬ್ಯಾಡ, ಸುಮ್ನೆ ಕೇಳ್ದೆ" ಅನ್ನುವರು. ಅವರು ಎಷ್ಟು ಬೇಡವೆಂದರೋ ವಿಮಾನ ಅಷ್ಟು ಏರಿತು. ಇನ್ನೂ ನೆಲ ಬಿಟ್ಟಿರಲಿಲ್ಲ, ಅಷ್ಟೆ. ಹೊರಡುವ ಹಿಂದಿನ ದಿನ ಒಂಬತ್ತು ಸಾವಿರ.

"ಬಸ್ಸಿಗೆ ಹೋದ್ರೆ ಹೆಸರಿಡೋ ಹೊತ್ತು ಮೀರ್ತದೆ. ಹಾಕು ಬೇಟಿ, ಎರಡು" ಎಂದರು ಸಾಬರು, ಕುರಿಯಂತೆ.

"ಇರೋದೇ ಒಂದು ಚಾಚಾ. ಒಂದು ಸಾಕು ಕೂಡ."

"ನಿಮ್ ಚಾಚಿ?"

ನಿಶತ್ ತುಟಿ ಕಚ್ಚಿಕೊಂಡು ನಗು ತಡೆದಳು. "ಅವ್ರನ್ನೇ ಕೇಳಿ."

ಕೇಳಿದರೆ ಗುಲ್ಜಾರ್ ಬೀ ಪೆಟ್ಟಿಗೆಗೆ ಸೀರೆ ಮಡಚಿಡತೊಡಗಿದರು. ಮರುದಿನ ವಿಮಾನದಲ್ಲಿ ಆಕೆ ಕಿಟಕಿ ಪಕ್ಕ ಠಿಕಾಣಿ ಹೂಡಿದ್ದರು. ಸಾಬರು ಪಕ್ಕದಲ್ಲಿ ಕೂತು ಪಿಸುಗುಟ್ಟಿದರು: "ನಿಂದು ಎಷ್ಟಕ್ಕೆ ಬಿತ್ತು?"

ಆಕೆ ಗಂಡನ ಟವೆಲ್ಲು ಎಳೆದು, ಅದರ ಮರೆಯಲ್ಲಿ ಅವರ ಮೂರು ಬೆರಳು ಅಮುಕಿದರು. ಆಮೇಲೆ ಅರ್ಧ.

"ಚಪ್ಪಲಿ ಸರಿ ಮಾಡ್ಕೊಂಡಿದ್ದು ಇದಕ್ಕಾ? ನಂಗೂ ಒಂದು ತಗೋಬಾರ್ದಿತ್ತಾ?"

"ನಿಮ್ ಯಾಪಾರಕ್ಕೆ ಅಡ್ಡ ಬರೋದ್ಯಾಕೆ ಅಂತ ಸುಮ್ನಿದ್ದೆ ಜೀ."

"ಮೆಲ್ಲಗೆ! ಪಕ್ಕದೋರು ಕೇಳಿಸ್ಕೊಂಡಾರು."

"ಅದಕ್ಕೇ ಅಲ್ವಾ," ಎಂದು ಆಕೆ ಇನ್ನೊಮ್ಮೆ ಅಮುಕಿದರು, "ಟವೆಲ್ಲು ಹಾಕಿರೋದು?"