ಆಯೇರಿ ಸೀರೆಯ ಮೇಲಿನ ಹೆಬ್ಬೆರಳು

"ಬಟ್ಟಿಯೊಳಗ ಈ ಗೊಲ್ಲಾಳಪ್ಪಗ ಮೋಸಾ ಮಾಡಾಂವ ಇನ್ನೂ ಹುಟ್ಟಿಲ್ಲ. ಹುಟ್ಟಿದ್ರ, ಅವನ ತಲಿ ಮ್ಯಾಲಿನ ಕುಂಚಗಿ ಮುಟ್ಟಿ ಯಾವ ಅಂಗಡೀದು ಅಂತ ಹೇಳ್ತೀನಿ!"

ಗೊಲ್ಲಾಳಪ್ಪ ಇದನ್ನು ಎಷ್ಟು ಸಲ ಹೇಳಿದ್ದನೆಂದರೆ, ತಿಕೋಟಾದಲ್ಲಿ ಅವನು ಕೂರುವ ಕಟ್ಟೆಯ ಕಲ್ಲಿಗೂ ಬಾಯಿಪಾಠವಾಗಿತ್ತು. ರೇಷ್ಮೆಯನ್ನು ಎರಡು ಬೆರಳಲ್ಲಿ ತಿಕ್ಕಿದರೆ ಸಾಕು, ಹುಳು ತಿಂದ ಎಲೆ ಎಳೆಯದೋ ಬಲಿತದ್ದೋ ಎಂದು ಹೇಳುವ ಗಂಡಸು. ಸಂಶಯವಂತೂ ಹುಟ್ಟಿನಿಂದ ಬಂದದ್ದು. ಹಾಲು ಕೊಳ್ಳುವಾಗ ಎಮ್ಮೆಯ ಹಲ್ಲು ನೋಡುತ್ತಿದ್ದ. ಬೆಳಿಗ್ಗೆ ಎದ್ದು, ಬಂದಿರುವುದು ನಿನ್ನೆಯ ಸೂರ್ಯನೇ ಹೌದೋ ಎಂದು ಹುಬ್ಬಿಗೆ ಕೈ ಹಿಡಿದು ಪರೀಕ್ಷಿಸುತ್ತಿದ್ದ.

ಇಂಥವನ ಸೊಸೆ ಕಸ್ತೂರಿ ಮಾಡುತ್ತಿದ್ದದ್ದು ಸೀರೆ ವ್ಯಾಪಾರ, ಅದೂ ಫೋನಿನಲ್ಲಿ. ಮದುವೆಗಳಲ್ಲಿ ಆಯೇರಿ ಎಂದು ಉಡುಗೊರೆ ಬಂದ ಸೀರೆಗಳು ಎಲ್ಲರ ಮನೆಯಲ್ಲೂ ಟ್ರಂಕಿನ ಮುಚ್ಚಳ ಎತ್ತುತ್ತ ಬಿದ್ದಿರುತ್ತವೆ. ಉಡುವವರಿಲ್ಲ, ಬಿಸಾಡಲು ಮನಸ್ಸಿಲ್ಲ. ಅವನ್ನು ಕಸ್ತೂರಿ ಕೊಂಡು, ಗಾಳಿಗೆ ಹರವಿ, ಇಸ್ತ್ರಿ ಮಾಡಿ, ಫೋಟೊ ತೆಗೆದು ವಾಟ್ಸಾಪ್ ಗುಂಪಿಗೆ ಹಾಕುತ್ತಿದ್ದಳು. ಮೂರೇ ವರ್ಷದಲ್ಲಿ ಗಿರಾಕಿಗಳು ಪುಣೆಯವರೆಗೆ ಹಬ್ಬಿದರು. ಅವಳ ಪಾರ್ಸಲ್ಲುಗಳ ಭಾರಕ್ಕೆ ಅಂಚೆಯವನ ಸೈಕಲ್ಲು ಮುಂಗಾಲೆತ್ತಿ ನಿಲ್ಲುತ್ತಿತ್ತು.

ಮುಖ ನೋಡದೆ, ಬಟ್ಟೆ ಮುಟ್ಟದೆ ಮಂದಿ ಕೊಳ್ಳುತ್ತಾರೆಂದರೆ? ಗೊಲ್ಲಾಳಪ್ಪನಿಗೆ ಉಂಡದ್ದು ಮೈಗೆ ಹತ್ತಲಿಲ್ಲ.

"ಒಂದ ಒಂದು ಸುಳ್ಳು ಸಿಗಲಿ, ಫೋನು ಬಾವಿಗೆ, ವ್ಯಾಪಾರ ಬಂದ್!" ಎಂದ.

"ಸಿಕ್ಕರ ನಾನ ಒಗೀತೀನ್ರಿ ಮಾವಾರ," ಎಂದಳು ಕಸ್ತೂರಿ, ಇಸ್ತ್ರಿ ನಿಲ್ಲಿಸದೆ.

ಮರುದಿನವೇ ಅವನು ಬಸ್ಸು ಹತ್ತಿ ವಿಜಯಪುರದ ದೋಸ್ತ, ದರ್ಜಿ ಫಕ್ರುದ್ದೀನನ ಅಂಗಡಿ ಹೊಕ್ಕ. ಫಕ್ರುದ್ದೀನನೂ ಆ ವಾಟ್ಸಾಪ್ ಗುಂಪಿನಲ್ಲಿದ್ದ.

"ಅಕಿ ಭಾಳ ಹೊಗಳಿದ್ದು ಒಂದು ಸೀರಿ ನಿನ್ನ ಹೆಸರಲೆ ತರಸು."

"ಹೊಗಳಿಕಿ ಎಲ್ಲೈತೊ ಮಾರಾಯಾ? ಕೇಳಿಲ್ಲೆ," ಎಂದು ಫಕ್ರುದ್ದೀನ ಓದಿದ: "'ಆಯೇರಿ ಬಂದದ್ದು, ಉಟ್ಟಿಲ್ಲ. ರೇಷ್ಮೆ ಅಲ್ಲ, ಎಳೆ ಸುಟ್ಟು ನೋಡಿದ್ದೇನೆ. ಸೆರಗಿನ ಮೂಲೆಗೆ ಅರಿಶಿನದ ಗುರುತಿದೆ.'"

ಗೊಲ್ಲಾಳಪ್ಪನ ಕಿವಿ ನೆಟ್ಟಗಾದವು. "ತನ್ನ ಮಾಲಿಗೆ ತಾನ ರೇಷ್ಮಿ ಅಲ್ಲ ಅಂತಾರೇನೊ ಯಾರರೆ? ಇದರಾಗ ದೊಡ್ಡ ಮಸಲತ್ತು ಐತಿ. ಇದನ್ನ ತರಸು!"

ನಾಲ್ಕು ದಿನ ಬಿಟ್ಟು, ತನ್ನ ಮನೆಯಿಂದಲೇ ಹೊರಟ ಪಾರ್ಸಲ್ಲನ್ನು ಬಗಲಲ್ಲಿಟ್ಟುಕೊಂಡು ತಿಕೋಟಾಕ್ಕೆ ಮರಳಿದ. ಓಣಿಯ ಮಂದಿಯನ್ನೆಲ್ಲ ಬಾವಿಯ ಹತ್ತಿರ ಕೂಡಿಸಿ, ಸೊಸೆಯನ್ನು ಕರೆದು, ಪಾರ್ಸಲ್ ಬಿಚ್ಚಿದ. ಸೆರಗಿನ ಮೂಲೆಯನ್ನು ಕಣ್ಣಿನ ಹತ್ತಿರ ಹಿಡಿದ.

ಆಯೇರಿ ಕೊಡುವ ಮುಂಚೆ ಸೀರೆಯ ಮೂಲೆಗೆ ಅರಿಶಿನ ಹಚ್ಚುವುದು ರೂಢಿ. ಮಂದಿ ಚಿಟಿಕೆಯಷ್ಟು ಹಚ್ಚಿದರೆ, ಗೊಲ್ಲಾಳಪ್ಪ ಇಡೀ ಊರನ್ನೇ ಬರೆದುಕೊಡುವವನಂತೆ ಹೆಬ್ಬೆರಳು ಒತ್ತುತ್ತಿದ್ದ. ಆ ಹೆಬ್ಬೆರಳಿನ ನಡುವೆ ಕುಡುಗೋಲು ತಾಗಿದ ಅಡ್ಡ ಗೀರಿತ್ತು. ಸೆರಗಿನ ಮೂಲೆಯಲ್ಲೂ ಅದೇ ಗೀರು.

"ಕಳವು!" ಎಂದು ಚೀರಿದ. "ನನ್ನ ತಂಗಿ ಮಗಳು ಭಾಗ್ಯಾನ ಮದವ್ಯಾಗ ನಾ ಆಯೇರಿ ಮಾಡಿದ್ದು ಇದು!"

ಕಸ್ತೂರಿ ನಿಡೋಣಿಯಲ್ಲಿದ್ದ ಭಾಗ್ಯಾಳಿಗೆ ಫೋನು ಹಚ್ಚಿ ಎಲ್ಲರಿಗೂ ಕೇಳುವಂತೆ ಹಿಡಿದಳು.

"ಕಳವು ಎಲ್ಲೀದೋ ಮಾಮಾ? ನಾನ ಕಸ್ತೂರಿ ವೈನಿಗಿ ಮಾರೀನಿ," ಎಂದಳು ಭಾಗ್ಯಾ. "ಅರವತ್ತು ಸೀರಿ ಬಂದಾವ. ಅವನ್ನೆಲ್ಲಾ ಉಡಾಕ ನಾ ಏನು ದಿನಾ ಮದವಿ ಆಗಲ್ಯಾ?"

ಓಣಿ ನಕ್ಕಿತು. ಗೊಲ್ಲಾಳಪ್ಪ ಜಗ್ಗಲಿಲ್ಲ.

"ಆತು. ಆದ್ರ ರೇಷ್ಮಿ ಅಲ್ಲ ಅಂತ ಬರದಿಯಲ್ಲ, ಅದ ಸುಳ್ಳು! ಬಬಲೇಶ್ವರದ ಅಂಗಡ್ಯಾಗ ತಾಸುಗಟ್ಟಲೆ ಕುಂತು, ತಿಕ್ಕಿ, ಮೂಸಿ ಆರಿಸಿದ ಅಸಲ್ ರೇಷ್ಮಿ. ಒಗಿ ಫೋನು!"

ಕಸ್ತೂರಿ ಫೋನನ್ನು ಬಾವಿಯ ಕಟ್ಟೆಯ ಮೇಲಿಟ್ಟಳು. ಸೆರಗಿನ ಅಂಚಿನಿಂದ ಎರಡೆಳೆ ಕಿತ್ತು, ಕಡ್ಡಿಪೆಟ್ಟಿಗೆಯ ಜೊತೆ ಮಾವನ ಕೈಗೆ ಕೊಟ್ಟಳು. ರೇಷ್ಮೆಯಾದರೆ ಕೂದಲು ಸುಟ್ಟ ವಾಸನೆ ಬಂದು ಬೂದಿಯಾಗಬೇಕು. ಗೊಲ್ಲಾಳಪ್ಪ ತಾನೇ ಕಡ್ಡಿ ಗೀರಿದ. ಎಳೆ ಸುರುಟಿ, ಕರಗಿ, ಸಾಸಿವೆಯಂಥ ಕರಿಗುಂಡಾಯಿತು; ಸುಟ್ಟ ಪ್ಲಾಸ್ಟಿಕ್ ಕೊಡದ ನಾತ ತೊರವಿಯವರೆಗೂ ಹೋಗಿರಬೇಕು.

ಅವನು ಕಡ್ಡಿಪೆಟ್ಟಿಗೆಯನ್ನೇ ಸಂಶಯದಿಂದ ತಿರುವಿ ನೋಡಿದ. ಎರಡನೆಯ ಎಳೆಯನ್ನು ಪಕ್ಕದ ಮನೆಯ ಕಡ್ಡಿಯಿಂದ ಸುಟ್ಟ. ಮತ್ತೆ ಅದೇ ಗುಂಡು.

ಕಸ್ತೂರಿ ಫೋನು ಎತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡಳು.

"ಬ್ಯಾಡಾಗಿದ್ರ ಸೀರಿ ಕೊಡ್ರಿ ಮಾವಾರ, ನಾ ವಾಪಸ್ ತಗೋತೀನಿ. ನಿಮಗ ರೇಷ್ಮಿ ಅಂತ ಮಾರಿದಾಂವ ತಗೊಳ್ಳೂದಿಲ್ಲ."